ಟೈಟಲ್ ಕಾರ್ಡಿನಲ್ಲಿ ಇಲ್ಲದ ನಟನನ್ನು ಹಳೆಯ ಚಿತ್ರಗಳಲ್ಲಿ ಪತ್ತೆ ಹಚ್ಚುವ ಬಗೆ

ಹಳೆಯ ಮೂಕಿ ಚಿತ್ರವೊಂದನ್ನು ನೋಡುತ್ತಿರುತ್ತೀರಿ. ಔತಣಕೂಟದ ದೃಶ್ಯ. ಹಿಂದಿನ ಸಾಲಿನಲ್ಲಿ ನಿಂತವನೊಬ್ಬ ಒಂದು ಕ್ಷಣ ಇತ್ತ ತಿರುಗುತ್ತಾನೆ. ಅರೆ, ಇವನು ಅವನೇ ಅಲ್ಲವೇ? ಮುಂದೆ ಇಡೀ ಜಗತ್ತು ಗುರುತಿಸಿದ ಮುಖ! ಹಿಂದಕ್ಕೆ ಸರಿಸಿ ಮತ್ತೆ ನೋಡುತ್ತೀರಿ, ಇನ್ನೊಮ್ಮೆ ನೋಡುತ್ತೀರಿ. ನಾಲ್ಕನೆಯ ಸಲಕ್ಕೆ ಅನುಮಾನವೆಂಬುದೇ ಉಳಿದಿರುವುದಿಲ್ಲ. ಎಡವುವುದು ಇಲ್ಲಿಯೇ. ಮೊದಲ ಸಲ ಪರದೆಯ ಮೇಲಿನ ಮನುಷ್ಯನನ್ನು ನೋಡಿದ ಕಣ್ಣು ನಾಲ್ಕನೆಯ ಸಲ ನೆನಪಿನಲ್ಲಿರುವ ನಟನನ್ನು ನೋಡುತ್ತಿರುತ್ತದೆ.

ನಾನು ಒಮ್ಮೆ ಹೋಟೆಲ್ ಮಾಣಿಯ ವೇಷದಲ್ಲಿದ್ದ ಒಬ್ಬನನ್ನು ಪ್ರಸಿದ್ಧ ನಟನೆಂದೇ ನಂಬಿ ಎರಡು ವಾರ ಅವನ ಕಿವಿ ಮೂಗುಗಳನ್ನು ಅಳೆಯುತ್ತಾ ಕುಳಿತಿದ್ದೆ. ಆ ಚಿತ್ರ ತಯಾರಾದ ತಿಂಗಳಿಡೀ ಆ ನಟ ಖಂಡದ ಇನ್ನೊಂದು ತುದಿಯಲ್ಲಿ ನಾಟಕ ಆಡುತ್ತಿದ್ದ ಎಂದು ಕೊನೆಗೆ ಹಳೆಯ ದಿನಪತ್ರಿಕೆಯೊಂದರ ನಾಟಕದ ಜಾಹೀರಾತು ಹೇಳಿತು. ಆ ಜಾಹೀರಾತನ್ನು ಹುಡುಕಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಅಂದಿನಿಂದ ನನ್ನ ಕ್ರಮ ಬದಲಾಯಿತು: ಮೊದಲು ತಾರೀಖು, ಆಮೇಲೆ ಕಾಗದಪತ್ರ, ಅದಾದ ಮೇಲೆ ಪ್ರಿಂಟು (ಅಂದರೆ ಉಳಿದಿರುವ ಫಿಲಂ ಪ್ರತಿ), ಮುಖ ಎಲ್ಲಕ್ಕಿಂತ ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ. ಉದಾಹರಣೆಗಳನ್ನು ಹೆಚ್ಚಾಗಿ ಅಮೆರಿಕದ ಚಿತ್ರಗಳಿಂದ ತೆಗೆದುಕೊಂಡಿದ್ದೇನೆ. ಈ ಬಗೆಯ ವಾದವಿವಾದ ಅಲ್ಲಿಯೇ ಹೆಚ್ಚು, ಕಾಗದಪತ್ರ ಉಳಿದಿರುವುದೂ ಅಲ್ಲಿಯೇ ಹೆಚ್ಚು.

ಹೆಸರು ಏಕೆ ಇಲ್ಲ?

ಹೆಸರಿಲ್ಲದಿರುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಕಾರಣ ಯಾವುದೆಂದು ಗೊತ್ತಾದರೆ ಎಲ್ಲಿ ಹುಡುಕಬೇಕೆಂಬುದು ಅರ್ಧ ಗೊತ್ತಾದಂತೆ.

ಸುಮಾರು 1910ರವರೆಗೆ ಅಮೆರಿಕದ ಬಹುತೇಕ ಕಂಪನಿಗಳು ಯಾವ ನಟನ ಹೆಸರನ್ನೂ ಪರದೆಯ ಮೇಲೆ ಹಾಕುತ್ತಿರಲಿಲ್ಲ. ನಾಯಕಿಗೂ ಹೆಸರಿಲ್ಲ, ಬಾಗಿಲು ತೆರೆಯುವ ಆಳಿಗೂ ಇಲ್ಲ. ಫ್ಲಾರೆನ್ಸ್ ಲಾರೆನ್ಸ್ ಪ್ರೇಕ್ಷಕರಿಗೆ ‘ಬಯೋಗ್ರಾಫ್ ಹುಡುಗಿ’ ಎಂದಷ್ಟೇ ಗೊತ್ತಿದ್ದಳು. ನಿರ್ಮಾಪಕ ಕಾರ್ಲ್ ಲೆಮ್ಲಿ ಅವಳನ್ನು ತನ್ನ ಕಂಪನಿಗೆ ಕರೆತಂದು, 1910ರಲ್ಲಿ ಅವಳು ಸತ್ತಳೆಂಬ ಸುದ್ದಿಯನ್ನು ಸುಳ್ಳೆಂದು ಸಾರುವ ನೆಪದಲ್ಲಿ ಹೆಸರನ್ನು ಊರಿಗೆಲ್ಲ ತಿಳಿಸಿದ. ಬಯೋಗ್ರಾಫ್ ಕಂಪನಿ ಮಾತ್ರ 1913ರವರೆಗೂ ನಟರ ಹೆಸರನ್ನು ಬಿಟ್ಟುಕೊಡಲಿಲ್ಲ. ಇನ್ನೂ ತಮಾಷೆಯ ಸಂಗತಿಯೆಂದರೆ, ಅದರ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಬಿಡುಗಡೆ ಮಾಡಿದವರು ಅಲ್ಲಿನ ಪ್ರೇಕ್ಷಕರ ಕಾಟ ತಾಳಲಾರದೆ ನಟರಿಗೆ ತಾವೇ ಹೆಸರು ಕಟ್ಟಿದರು. ಬ್ಲಾಂಚ್ ಸ್ವೀಟ್ ಅಲ್ಲಿ ‘ಡ್ಯಾಫ್ನಿ ವೇನ್’ ಆದಳು, ಮೇಬಲ್ ನಾರ್ಮಂಡ್ ‘ಮ್ಯೂರಿಯಲ್ ಫಾರ್ಟೆಸ್ಕ್ಯೂ’ ಆದಳು. ಇಂಗ್ಲೆಂಡಿನ ಹಳೆಯ ಪತ್ರಿಕೆಯಲ್ಲಿ ಈ ಹೆಸರುಗಳನ್ನು ಕಂಡು, ಇವರು ಬೇರೆ ಯಾರೋ ನಟಿಯರು ಎಂದುಕೊಂಡರೆ ದಾರಿ ತಪ್ಪಿದಿರಿ.

ಮುಂದಿನ ಕಾಲದಲ್ಲಿ ಮುಖ್ಯ ನಟರಿಗೆ ಹೆಸರು ಬಂತು, ಗುಂಪಿನಲ್ಲಿ ನಿಂತವರಿಗೆ ಬರಲಿಲ್ಲ. ಮುಂದೆ ದೊಡ್ಡ ತಾರೆಗಳಾದ ಕ್ಲಾರ್ಕ್ ಗೇಬಲ್, ಗ್ಯಾರಿ ಕೂಪರ್, ಜಾನ್ ವೇನ್ ಮೊದಲಾದವರೆಲ್ಲ 1920ರ ದಶಕದಲ್ಲಿ ಹೀಗೆ ಗುಂಪಿನಲ್ಲಿ ನಿಂತು ದಿನಗೂಲಿ ಪಡೆದವರೇ. ಇದಲ್ಲದೆ ಆಗಲೇ ಹೆಸರಾದ ನಟ ಗೆಳೆಯನ ಚಿತ್ರದಲ್ಲಿ ತಮಾಷೆಗೆ ಒಂದು ಕ್ಷಣ ಕಾಣಿಸಿಕೊಳ್ಳುವುದೂ ಉಂಟು. ಈ ಕೊನೆಯದು ಸುಲಭದ ಬೇಟೆ. ಅಂತಹ ಸಂಗತಿಯನ್ನು ಅಂದಿನ ಪತ್ರಿಕೆಗಳು ಬಿಡುವುದಿಲ್ಲ. ಮೊದಲ ಬಗೆಗೆ ಕಂಪನಿಯ ದಾಖಲೆ ನೆರವಾಗುತ್ತದೆ. ನಡುವಿನದೇ ಕಷ್ಟ. ಅಂದು ಅವನು ಯಾರೂ ಅಲ್ಲ. ಯಾರೂ ಅಲ್ಲದವನ ಬಗ್ಗೆ ಯಾರು ಬರೆದಿಡುತ್ತಾರೆ?

ಮಾತು ಹುಟ್ಟಿದ್ದು ಎಲ್ಲಿ?

‘ಈ ಚಿತ್ರದಲ್ಲಿ ಇಂತಹ ನಟ ಇದ್ದಾನೆ’ ಎಂಬ ಮಾತನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ಯಾವ ಚಿತ್ರ, ಯಾವ ವರ್ಷ, ಯಾವ ಪಾತ್ರ, ಯಾವ ದೃಶ್ಯ. ಪಾತ್ರ ಮತ್ತು ದೃಶ್ಯದ ಜಾಗ ಖಾಲಿ ಉಳಿದರೆ ಅದನ್ನು ಖಾಲಿಯಾಗಿಯೇ ಬಿಡಿ. ಎಷ್ಟೋ ಹೇಳಿಕೆಗಳು ಈ ಮೊದಲ ಮೆಟ್ಟಿಲಿನಲ್ಲಿಯೇ ಬಿದ್ದುಹೋಗುತ್ತವೆ. ಎಲ್ಲರೂ ‘ಇದ್ದಾನಂತೆ’ ಎನ್ನುತ್ತಾರೆ, ಎಲ್ಲಿದ್ದಾನೆಂದು ಯಾರೂ ಹೇಳುವುದಿಲ್ಲ.

ಆಮೇಲೆ ಆ ಮಾತಿನ ವಂಶವೃಕ್ಷ ಬಿಡಿಸಿ. ಅಂತರ್ಜಾಲದ ಚಿತ್ರಪಟ್ಟಿಗಳಲ್ಲಿ ಒಂದೇ ಹೇಳಿಕೆ ಹತ್ತು ಕಡೆ ಸಿಗುತ್ತದೆ. ಅದು ಹತ್ತು ಸಾಕ್ಷಿಯಾಗುವುದಿಲ್ಲ, ಒಂದೇ ಸಾಕ್ಷಿಯ ಹತ್ತು ಪ್ರತಿಧ್ವನಿಯಾಗುತ್ತದೆ. ಪ್ರತಿಯೊಂದು ಪುಸ್ತಕದ, ಪಟ್ಟಿಯ ವರ್ಷವನ್ನು ಬರೆದುಕೊಂಡು ಹಿಂದಕ್ಕೆ ನಡೆಯಿರಿ. ಮಾತು ಮೊದಲು ಕಾಣಿಸಿದ್ದು ಚಿತ್ರ ಬಿಡುಗಡೆಯಾದ ಕಾಲದಲ್ಲೋ, ನಟ ಪ್ರಸಿದ್ಧನಾದ ಮೇಲೋ, ಅವನು ಸತ್ತ ಮೇಲೋ ಎಂಬುದೇ ಅದರ ತೂಕವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಚಿತ್ರಸೂಚಿಯಲ್ಲಿ ನನಗೆ ಬಹಳ ಹಿಡಿಸುವ ಪದ್ಧತಿಯೊಂದಿದೆ: ಅಂದಿನ ಪತ್ರಿಕೆಗಳಲ್ಲಿಯೋ ದಾಖಲೆಗಳಲ್ಲಿಯೋ ಸಿಗದೆ ಮುಂದಿನವರ ಬರಹಗಳಲ್ಲಿ ಮಾತ್ರ ಸಿಗುವ ಹೆಸರುಗಳನ್ನು ‘ಆಧುನಿಕ ಮೂಲಗಳ ಪ್ರಕಾರ’ ಎಂದು ಬೇರೆಯಾಗಿಯೇ ತೋರಿಸುತ್ತಾರೆ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿಯೂ ಹೀಗೆಯೇ ಎರಡು ಅಂಕಣ ಇರಲಿ.

ಅಂದಿನ ಪತ್ರಿಕೆಗಳನ್ನು ಓದಲು ಈಗ ಊರೂರು ಅಲೆಯಬೇಕಿಲ್ಲ. 1907ರಿಂದ ಹೊರಬಂದ ‘ಮೂವಿಂಗ್ ಪಿಕ್ಚರ್ ವರ್ಲ್ಡ್’, 1911ರಲ್ಲಿ ಶುರುವಾದ ‘ಮೋಷನ್ ಪಿಕ್ಚರ್ ಸ್ಟೋರಿ ಮ್ಯಾಗಜೀನ್’, ‘ಫೋಟೋಪ್ಲೇ’ ಮೊದಲಾದವುಗಳ ಪುಟಗಳು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ‘ಲ್ಯಾಂಟರ್ನ್’ ಎಂಬ ಅದರ ಹುಡುಕುಯಂತ್ರದಲ್ಲಿ ಪದ ಹಾಕಿ ಹುಡುಕಬಹುದು. ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುವ ಅಂಕಣವನ್ನಂತೂ ಬಿಡಬೇಡಿ. ‘ಇಂತಹ ಚಿತ್ರದಲ್ಲಿ ತಮ್ಮನ ಪಾತ್ರ ಮಾಡಿದವರು ಯಾರು?’ ಎಂದು ನೂರು ವರ್ಷದ ಹಿಂದೆಯೇ ಯಾರೋ ಕೇಳಿದ್ದಾರೆ, ಕಂಪನಿಯನ್ನು ವಿಚಾರಿಸಿ ಸಂಪಾದಕರು ಉತ್ತರ ಹಾಕಿದ್ದಾರೆ. ನಾವು ಇಂದು ಮಾಡುತ್ತಿರುವ ಕೆಲಸವನ್ನೇ ಅವರು ಬಿಸಿಬಿಸಿಯಾಗಿ ಮಾಡಿದ್ದಾರೆ.

ಹುಡುಕುವಾಗ ಒಂದೇ ಹೆಸರಿಗೆ ಅಂಟಿಕೊಳ್ಳಬೇಡಿ. ಜಾನ್ ವೇನ್ ಹುಟ್ಟಿದ್ದು ಮೇರಿಯನ್ ರಾಬರ್ಟ್ ಮಾರಿಸನ್ ಆಗಿ. 1929ರ ‘ವರ್ಡ್ಸ್ ಅಂಡ್ ಮ್ಯೂಸಿಕ್’ ಚಿತ್ರದಲ್ಲಿ ಅವನ ಹೆಸರು ಡ್ಯೂಕ್ ಮಾರಿಸನ್. ಜಾನ್ ವೇನ್ ಎಂಬ ಹೆಸರು ಬಂದದ್ದು 1930ರ ‘ದ ಬಿಗ್ ಟ್ರೇಲ್’ ಚಿತ್ರದೊಂದಿಗೆ. ಮೂಕಿ ಚಿತ್ರಗಳ ನಾಯಕನಟ ರುಡಾಲ್ಫ್ ವ್ಯಾಲೆಂಟಿನೊ ಹೆಸರನ್ನು ಮೊದಮೊದಲು ಬಗೆಬಗೆಯಾಗಿ ಬರೆದಿದ್ದಾರೆ: ರೊಡಾಲ್ಫೊ, ರೊಡಾಲ್ಫ್, ಡಿ ವ್ಯಾಲೆಂಟಿನಾ, ವ್ಯಾಲೆಂಟೈನ್. ಹಳೆಯ ಪುಟಗಳನ್ನು ಯಂತ್ರ ಓದುವಾಗ ಮಸುಕಾದ ಅಚ್ಚಿನಲ್ಲಿ ಅಕ್ಷರಗಳೂ ತಪ್ಪುತ್ತವೆ. ಆದ್ದರಿಂದ ನಟನ ಹೆಸರು ಸಿಗದಿದ್ದರೆ ಚಿತ್ರದ ಹೆಸರು, ನಿರ್ದೇಶಕನ ಹೆಸರು, ಪಾತ್ರದ ಹೆಸರು ಹಾಕಿ ನೋಡಿ.

ನಟ ಆ ದಿನ ಎಲ್ಲಿದ್ದ?

ಇದೇ ಇಡೀ ಕೆಲಸದ ಬೆನ್ನೆಲುಬು. ಒಂದು ಉದ್ದನೆಯ ಹಾಳೆಯಲ್ಲಿ ನಟನ ಆರಂಭದ ವರ್ಷಗಳನ್ನು ತಿಂಗಳು ತಿಂಗಳಾಗಿ ಬರೆಯಿರಿ. ಯಾವ ಊರು, ಯಾವ ಕೆಲಸ, ಯಾವ ನಾಟಕ ಕಂಪನಿ. ಆಧಾರವಾಗಿ ಹಡಗಿನ ಪ್ರಯಾಣಿಕರ ಪಟ್ಟಿ, ಜನಗಣತಿ, ಸೈನ್ಯದ ನೋಂದಣಿ ಚೀಟಿ, ಮದುವೆಯ ದಾಖಲೆ, ನಾಟಕದ ಜಾಹೀರಾತು ಮತ್ತು ವಿಮರ್ಶೆಗಳನ್ನು ಬಳಸಿ. ಆತ್ಮಕಥೆಯನ್ನು ಕೊನೆಗೆ ತೆರೆಯಿರಿ. ನಟರು ಕಥೆ ಹೇಳುವುದರಲ್ಲಿ ಪಳಗಿದವರು, ತಮ್ಮ ಕಥೆಯ ವಿಷಯದಲ್ಲಂತೂ ಇನ್ನೂ ಹೆಚ್ಚು.

ಈ ಹಾಳೆಯ ಬಲ ತಿಳಿಯಲು ಒಂದೇ ಚಿತ್ರದ ಬಗೆಗಿರುವ ಎರಡು ದಂತಕಥೆಗಳನ್ನು ನೋಡಿ. 1914ರಲ್ಲಿ ವೈಟಗ್ರಾಫ್ ಕಂಪನಿ ‘ಮೈ ಅಫಿಷಿಯಲ್ ವೈಫ್’ ಎಂಬ ಚಿತ್ರ ತೆಗೆಯಿತು. ಅದರಲ್ಲಿ ರುಡಾಲ್ಫ್ ವ್ಯಾಲೆಂಟಿನೊ ಇದ್ದಾನೆಂದು ಒಂದು ಕಥೆ, ರಷ್ಯದ ಕ್ರಾಂತಿಕಾರಿ ಲಿಯಾನ್ ಟ್ರಾಟ್‌ಸ್ಕಿ ಇದ್ದಾನೆಂದು ಇನ್ನೊಂದು ಕಥೆ. ಎರಡನೆಯದು ಕೇಳಲು ಎಷ್ಟು ಸೊಗಸಾಗಿದೆಯೆಂದರೆ ಅದನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಆದರೆ ಟ್ರಾಟ್‌ಸ್ಕಿ ನ್ಯೂಯಾರ್ಕಿಗೆ ಬಂದದ್ದು 1917ರ ಜನವರಿಯಲ್ಲಿ, ಮಾರ್ಚ್ ಮುಗಿಯುವ ಮೊದಲೇ ಹೊರಟೂಹೋದ. ಚಿತ್ರ ತಯಾರಾಗುವಾಗ ಅವನು ವಿಯೆನ್ನಾದಲ್ಲಿದ್ದ. ಮುಖ ಹೋಲುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ವ್ಯಾಲೆಂಟಿನೊ ನ್ಯೂಯಾರ್ಕಿನಲ್ಲಿ ಇಳಿದದ್ದು 1913ರ ಡಿಸೆಂಬರ್‌ನಲ್ಲಿ. ವೈಟಗ್ರಾಫ್ ಸ್ಟುಡಿಯೋ ಇದ್ದದ್ದು ಅದೇ ನಗರದ ಬ್ರೂಕ್ಲಿನ್‌ನಲ್ಲಿ. ಅಂದರೆ ಅವನ ವಿಷಯದಲ್ಲಿ ತಾರೀಖು ಅಡ್ಡ ಬರುವುದಿಲ್ಲ. ಅಡ್ಡ ಬರದಿದ್ದ ಮಾತ್ರಕ್ಕೆ ಇದ್ದನೆಂದು ಆಗುವುದಿಲ್ಲ; ಅಂದು ನ್ಯೂಯಾರ್ಕಿನಲ್ಲಿದ್ದ ಲಕ್ಷಾಂತರ ಗಂಡಸರ ಮಟ್ಟಿಗೂ ಅಡ್ಡ ಬರುವುದಿಲ್ಲ! ಚಿತ್ರದ ಅಲ್ಪ ತುಣುಕು ಬಿಟ್ಟರೆ ಉಳಿದದ್ದು ಕಳೆದುಹೋಗಿರುವುದರಿಂದ ಆ ಮಾತು ‘ಸಾಧ್ಯ’ ಎಂಬಲ್ಲಿಯೇ ನಿಲ್ಲಬೇಕು.

ಗೇಬಲ್‌ನದು ಇನ್ನೊಂದು ಪಾಠ. 1925ರ ‘ದ ಮೆರಿ ವಿಡೋ’ ಚಿತ್ರದ ಹೊತ್ತಿಗೆ ಅವನು ಹಾಲಿವುಡ್ಡಿನಲ್ಲಿ ಗುಂಪಿನ ನಟ. ಅವಕಾಶ ಸಿಗದೆ ಮತ್ತೆ ರಂಗಭೂಮಿಗೆ ಹೋದ. 1928ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಮೇಲೆ ‘ಮೆಷಿನಲ್’ ನಾಟಕದಲ್ಲಿದ್ದ. ಅದೇ ದಿನಗಳಲ್ಲಿ ಹಾಲಿವುಡ್ಡಿನಲ್ಲಿ ತೆಗೆದ ಚಿತ್ರದಲ್ಲಿ ಅವನು ಕಂಡ ಎಂದು ಯಾರಾದರೂ ಹೇಳಿದರೆ, ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ಅಂದು ರೈಲಿನಲ್ಲಿ ನಾಲ್ಕು ದಿನದ ದಾರಿ ಎಂದು ನೆನಪಿಸಿ. ರಾತ್ರಿ ನಾಟಕ ಮುಗಿಸಿ ಬೆಳಿಗ್ಗೆ ಅಲ್ಲಿ ಬಣ್ಣ ಹಚ್ಚಿಕೊಳ್ಳಲು ಆಗುತ್ತಿರಲಿಲ್ಲ.

ಚಿತ್ರದ ದಿನಚರಿ

ನಟನ ಹಾಳೆಯ ಕೆಳಗೆ ಚಿತ್ರದ ಹಾಳೆ ಇರಲಿ. ಇಲ್ಲಿ ಬಿಡುಗಡೆಯ ತಾರೀಖನ್ನು ನಂಬಿಕೊಂಡರೆ ಮೋಸ ಹೋಗುತ್ತೀರಿ. ಬೇಕಾಗಿರುವುದು ಚಿತ್ರೀಕರಣದ ತಾರೀಖು. ಒಂದೆರಡು ರೀಲಿನ ಹಾಸ್ಯಚಿತ್ರವಾದರೆ ಎರಡರ ನಡುವೆ ಕೆಲವೇ ವಾರ, ದೊಡ್ಡ ಚಿತ್ರವಾದರೆ ಒಂದು ವರ್ಷವೂ ಆಗಬಹುದು. ಸ್ಟುಡಿಯೋಗಳ ಕಾಗದಪತ್ರ ಉಳಿದಿದ್ದರೆ ನಿಮ್ಮ ಪುಣ್ಯ: ಹಾಸ್ಯಚಿತ್ರಗಳ ಕೀಸ್ಟೋನ್ ಕಂಪನಿಯ ಮುಖ್ಯಸ್ಥ ಮ್ಯಾಕ್ ಸೆನೆಟ್‌ನ ಸಂಗ್ರಹ ಬೆವರ್ಲಿ ಹಿಲ್ಸ್‌ನ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿದೆ, ವಾರ್ನರ್ ಕಂಪನಿಯ ಕಡತಗಳು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿವೆ. ಸಂಬಳದ ಪುಸ್ತಕ, ದಿನದ ವರದಿ, ಯಾರನ್ನು ಯಾವ ದಿನ ಕರೆಸಿದರು ಎಂಬ ಚೀಟಿ, ಇವುಗಳಲ್ಲಿ ಯಾವುದು ಸಿಕ್ಕರೂ ಅದು ನೂರು ಮುಖಹೋಲಿಕೆಗೆ ಸಮ. ಹಾಲಿವುಡ್ಡಿನ ಎಕ್ಸ್‌ಟ್ರಾಗಳನ್ನು, ಅಂದರೆ ಗುಂಪಿನ ನಟರನ್ನು, ಒಂದೇ ಕಡೆಯಿಂದ ಒದಗಿಸಲು ಸೆಂಟ್ರಲ್ ಕಾಸ್ಟಿಂಗ್ ಸಂಸ್ಥೆ ಹುಟ್ಟಿದ್ದು 1925ರ ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲು ಸ್ಟುಡಿಯೋ ಗೇಟಿನ ಮುಂದೆ ನಿಂತವರಲ್ಲಿ ಕೈ ತೋರಿಸಿ ಕರೆದುಕೊಳ್ಳುತ್ತಿದ್ದರು. ಅಂತಹ ದಿನಗಳ ಲೆಕ್ಕ ಸಿಗುವುದು ಅಪರೂಪ.

ನ್ಯೂಯಾರ್ಕ್ ರಾಜ್ಯದ ಸೆನ್ಸಾರ್ ಮಂಡಳಿಗೆ 1921ರಿಂದ 1965ರವರೆಗೆ ಸಲ್ಲಿಕೆಯಾದ ಚಿತ್ರಗಳ ಕಡತಗಳು ಆ ರಾಜ್ಯದ ಪತ್ರಾಗಾರದಲ್ಲಿವೆ. ನಟನ ಹೆಸರು ಅಲ್ಲಿ ಸಿಗದಿದ್ದರೂ ನೀವು ಹುಡುಕುತ್ತಿರುವ ದೃಶ್ಯ ಬಿಡುಗಡೆಯಾದ ಚಿತ್ರದಲ್ಲಿ ಇತ್ತೋ ಇಲ್ಲವೋ ಎಂಬುದು ತಿಳಿಯಬಹುದು. ಇದು ಸಣ್ಣ ಮಾತಲ್ಲ. ಸೆಟ್ಟಿನಲ್ಲಿ ತೆಗೆದ ಸ್ಟಿಲ್ ಫೋಟೋದಲ್ಲಿ ನಟ ಕಂಡರೆ ಅವನು ಅಂದು ಸೆಟ್ಟಿನಲ್ಲಿದ್ದ ಎಂದಷ್ಟೇ ಅರ್ಥ. 1925ರ ‘ಬೆನ್ ಹರ್’ ಚಿತ್ರದ ರಥಸ್ಪರ್ಧೆಯ ವಿಷಯದಲ್ಲಿ ಆಗಿರುವ ಗೊಂದಲವೆಲ್ಲ ಇದೇ. ಸ್ಪರ್ಧೆಯ ಚಿತ್ರೀಕರಣವನ್ನು ನೋಡಲು ಹಾಲಿವುಡ್ಡಿನ ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ನೆರೆದಿದ್ದವರು ಸಾವಿರಾರು ಮಂದಿ. ಇಂದು ಪಟ್ಟಿಗಳಲ್ಲಿ ಆ ಪ್ರೇಕ್ಷಕರ ಗ್ಯಾಲರಿಯಲ್ಲಿ ಇಲ್ಲದ ತಾರೆಯೇ ಇಲ್ಲ. ಬಂದವರು ಬೇರೆ, ಕ್ಯಾಮೆರಾಕ್ಕೆ ಸಿಕ್ಕವರು ಬೇರೆ, ಸಿಕ್ಕವರಲ್ಲಿ ಗುರುತಿಸಬಲ್ಲಷ್ಟು ದೊಡ್ಡದಾಗಿ ಕಂಡವರು ಇನ್ನೂ ಬೇರೆ.

ಯಾವ ಪ್ರಿಂಟನ್ನು ನೋಡುತ್ತಿದ್ದೀರಿ?

ಈಗ ಚಿತ್ರಕ್ಕೆ ಬರೋಣ, ಚಿತ್ರ ಉಳಿದಿದ್ದರೆ. 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗೆ ಅಮೆರಿಕದಲ್ಲಿ ತಯಾರಾದ ಸುಮಾರು 10,900 ಪೂರ್ಣಪ್ರಮಾಣದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿಯೇ ಪೂರ್ತಿಯಾಗಿ ಉಳಿದಿರುವುದು ಶೇಕಡ 14 ಮಾತ್ರ. ಆ ಕಾಲದಲ್ಲಿ ಬಳಸುತ್ತಿದ್ದ ನೈಟ್ರೇಟ್ ಫಿಲಂ ಬೆಂಕಿಗೆ ಬಹು ಪ್ರಿಯ. 1937ರ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣ ಸುಟ್ಟು ಅದರ ಮೂಕಿ ಚಿತ್ರಗಳ ಬಹುಪಾಲು ಬೂದಿಯಾಯಿತು. ಆದರೆ ಕಳೆದುಹೋದದ್ದು ಎಂದ ಕೂಡಲೇ ಕೈ ಚೆಲ್ಲಬೇಡಿ. ಜಾನ್ ವೇನ್ ಕಾವಲುಗಾರನಾಗಿ ಬರುತ್ತಾನೆಂದು ಹೇಳಲಾಗುವ 1926ರ ‘ಬಾರ್ಡೆಲಿಸ್ ದ ಮ್ಯಾಗ್ನಿಫಿಸೆಂಟ್’ ದಶಕಗಟ್ಟಲೆ ಇಲ್ಲವೆಂದೇ ಲೆಕ್ಕವಾಗಿತ್ತು. 2006ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕಿತು, ಮೂರನೆಯ ರೀಲು ಮಾತ್ರ ಇಲ್ಲ. 1912ಕ್ಕೆ ಹಿಂದಿನ ಚಿತ್ರಗಳಿಗೆ ಇನ್ನೊಂದು ದಾರಿಯಿದೆ. ಆಗಿನ ಅಮೆರಿಕದ ಕಾನೂನಿನಲ್ಲಿ ಚಲನಚಿತ್ರಕ್ಕೆ ಪ್ರತ್ಯೇಕ ಹಕ್ಕುಸ್ವಾಮ್ಯ (ಕಾಪಿರೈಟ್) ಇರಲಿಲ್ಲ. ಆದ್ದರಿಂದ ಕೆಲವು ಕಂಪನಿಗಳು ಇಡೀ ಚಿತ್ರವನ್ನು ಉದ್ದನೆಯ ಕಾಗದದ ಸುರುಳಿಯ ಮೇಲೆ ಛಾಯಾಚಿತ್ರಗಳಾಗಿ ಮುದ್ರಿಸಿ ನೋಂದಾಯಿಸುತ್ತಿದ್ದವು. ಫಿಲಂ ಸುಟ್ಟುಹೋದರೂ ಆ ಕಾಗದ ಉಳಿಯಿತು. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಇಂತಹ ಮೂರು ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ.

ಪ್ರಿಂಟು ಸಿಕ್ಕ ಮೇಲೆ ಅದರ ಜಾತಕ ನೋಡಬೇಕು. 16 ಎಂಎಂ ಫಿಲಂ ಮಾರುಕಟ್ಟೆಗೆ ಬಂದದ್ದೇ 1923ರಲ್ಲಿ. 1914ರ ಚಿತ್ರದ 16 ಎಂಎಂ ಪ್ರಿಂಟ್ ಎಂದರೆ ಮುಂದೆ ಯಾವಾಗಲೋ ಮಾಡಿದ ನಕಲು. ಈಸ್ಟ್‌ಮನ್ ಕಂಪನಿ 1916ರಿಂದ ಫಿಲಂ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತು ಹಾಕುತ್ತಿತ್ತು. ಅದರಿಂದ ಫಿಲಂ ತಯಾರಾದ ವರ್ಷ ತಿಳಿಯುತ್ತದೆ, ಆದರೆ ಗುರುತುಗಳು ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುತ್ತವೆ. ಜೊತೆಗೆ ನೆಗೆಟಿವ್‌ನ ಅಂಚಿನ ಗುರುತು ಪ್ರಿಂಟಿನ ಮೇಲೂ ಮೂಡಿರುವುದುಂಟು. ಎರಡನ್ನೂ ಬೆರೆಸಬೇಡಿ.

ಮೂಕಿ ಕಾಲದಲ್ಲಿ ಎಷ್ಟೋ ಸಲ ಎರಡು ಕ್ಯಾಮೆರಾ ಪಕ್ಕಪಕ್ಕದಲ್ಲಿಟ್ಟು ಎರಡು ನೆಗೆಟಿವ್ ತಯಾರಿಸುತ್ತಿದ್ದರು, ಒಂದು ಸ್ವದೇಶಕ್ಕೆ, ಇನ್ನೊಂದು ಹೊರದೇಶಕ್ಕೆ. ಕೋನ ಸ್ವಲ್ಪ ಬೇರೆ, ಕೆಲವೊಮ್ಮೆ ಟೇಕ್ ಕೂಡ ಬೇರೆ. ಒಂದರಲ್ಲಿ ಕಂಬದ ಮರೆಯಲ್ಲಿರುವವನು ಇನ್ನೊಂದರಲ್ಲಿ ಪೂರ್ತಿ ಕಾಣಬಹುದು. ಮೂಕಿ ಚಿತ್ರವನ್ನು ಮುಂದೆ ಧ್ವನಿಪಟ್ಟಿ ಸೇರಿಸಿ ಮುದ್ರಿಸಿದ್ದರೆ ಎಡ ಅಂಚು ಕತ್ತರಿಸಿ ಹೋಗಿರುತ್ತದೆ, ಅಲ್ಲಿ ನಿಂತಿದ್ದವನೂ ಅದರೊಂದಿಗೆ ಹೋಗಿರುತ್ತಾನೆ. ಇನ್ನು ನಟ ಪ್ರಸಿದ್ಧನಾದ ಮೇಲೆ ಹಳೆಯ ಚಿತ್ರವನ್ನು ಧೂಳು ಕೊಡವಿ ಮರುಬಿಡುಗಡೆ ಮಾಡುವುದು ಹಳೆಯ ವ್ಯಾಪಾರ. ವ್ಯಾಲೆಂಟಿನೊನ 1918ರ ‘ಎ ಸೊಸೈಟಿ ಸೆನ್ಸೇಷನ್’ ಚಿತ್ರವನ್ನು 1924ರಲ್ಲಿ ಮೊಟಕುಗೊಳಿಸಿ ಅವನ ಹೆಸರನ್ನೇ ಮುಂದಿಟ್ಟು ತಂದರು. ಅಂತಹ ಪ್ರಿಂಟಿನ ಟೈಟಲ್ ಕಾರ್ಡನ್ನು ಮೊದಲ ಬಿಡುಗಡೆಯ ಸಾಕ್ಷಿಯೆಂದು ಎಣಿಸುವಂತಿಲ್ಲ.

ಇನ್ನೊಂದು ಬಲೆಯೆಂದರೆ ಹಳೆಯ ಚಿತ್ರದ ತುಣುಕುಗಳನ್ನು ಹೊಸ ಚಿತ್ರದಲ್ಲಿ ಸೇರಿಸುವುದು. 1932–33ರಲ್ಲಿ ವೇನ್ ವಾರ್ನರ್ ಕಂಪನಿಗೆ ಮಾಡಿದ ಕೌಬಾಯ್ ಚಿತ್ರಗಳಲ್ಲಿ ಹಿಂದಿನ ಕೌಬಾಯ್ ನಟ ಕೆನ್ ಮೇನಾರ್ಡ್‌ನ ಮೂಕಿ ಚಿತ್ರಗಳ ಕುದುರೆ ಸವಾರಿಯ ದೃಶ್ಯಗಳನ್ನು ಧಾರಾಳವಾಗಿ ಬಳಸಿದ್ದಾರೆ. ದೂರದ ದೃಶ್ಯದಲ್ಲಿ ಬಿಳಿ ಕುದುರೆಯ ಮೇಲಿರುವವನು ಮೇನಾರ್ಡ್, ಹತ್ತಿರದ ದೃಶ್ಯದಲ್ಲಿ ಇಳಿಯುವವನು ವೇನ್.

ಇನ್ನು ಮುಖ

ಇಷ್ಟಾದ ಮೇಲೂ ನಿಮ್ಮ ಹೇಳಿಕೆ ಜೀವಂತವಾಗಿದ್ದರೆ ಮುಖ ನೋಡುವ ಅಧಿಕಾರ ನಿಮಗೆ ಬಂತು. ಸಿಗಬಹುದಾದ ಅತ್ಯುತ್ತಮ ನಕಲನ್ನು ತೆಗೆದುಕೊಂಡು ಆ ವ್ಯಕ್ತಿ ಕಾಣುವ ಪ್ರತಿಯೊಂದು ಫ್ರೇಮನ್ನೂ ಕ್ರಮವಾಗಿ ತೆಗೆದಿಡಿ. ಚೆನ್ನಾಗಿ ಹೋಲುವ ಒಂದನ್ನಷ್ಟೇ ಆರಿಸಿಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಹೋಲದ ಇಪ್ಪತ್ತು ಫ್ರೇಮುಗಳೂ ಸಾಕ್ಷಿಯೇ. ಬಣ್ಣ ತುಂಬಿದ, ಕಂಪ್ಯೂಟರಿನಿಂದ ‘ಸ್ಪಷ್ಟಗೊಳಿಸಿದ’ ನಕಲುಗಳನ್ನು ದೂರವಿಡಿ. ಮಸುಕಾದ ಕಡೆ ಕಣ್ಣು ತುಟಿಗಳನ್ನು ಆ ತಂತ್ರಾಂಶ ತಾನೇ ಊಹಿಸಿ ಬರೆಯುತ್ತದೆ, ನೀವು ಆ ಊಹೆಯನ್ನು ಅಳೆಯುತ್ತಾ ಕೂರುತ್ತೀರಿ.

ಹೋಲಿಕೆಗೆ ಅದೇ ವರ್ಷದ, ಆದಷ್ಟು ಅದೇ ಕೋನದ ಚಿತ್ರಗಳು ಬೇಕು. ನಲವತ್ತರ ವಯಸ್ಸಿನ ಭಾವಚಿತ್ರವನ್ನು ಇಪ್ಪತ್ತರ ಹುಡುಗನ ಪಕ್ಕದಲ್ಲಿಟ್ಟರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಹಲ್ಲು ಕಟ್ಟಿಸಿಕೊಂಡಿರುತ್ತಾರೆ, ಹುಬ್ಬು ತೀಡಿಸಿಕೊಂಡಿರುತ್ತಾರೆ, ಕೂದಲಿನ ಗೆರೆ ಹಿಂದೆ ಸರಿದಿರುತ್ತದೆ. 1920ರ ದಶಕದ ನಡುಭಾಗದವರೆಗೆ ಸಾಮಾನ್ಯವಾಗಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಆದ್ದರಿಂದ ನೀಲಿ ಕಣ್ಣು ಬೆಳ್ಳಗೆ ಪೇಲವವಾಗುತ್ತದೆ, ಕೆಂಪು ತುಟಿ ಕಪ್ಪಾಗುತ್ತದೆ, ಚರ್ಮದ ಕೆಂಪು ಚುಕ್ಕೆಗಳು ಎದ್ದು ಕಾಣುತ್ತವೆ. ‘ಅವನ ಕಣ್ಣು ಇಷ್ಟು ತಿಳಿಯಾಗಿರಲಿಲ್ಲ’ ಎನ್ನುವ ಮೊದಲು ಫಿಲಂ ಯಾವುದೆಂದು ಕೇಳಿಕೊಳ್ಳಿ.

ಹಾಗಾದರೆ ಯಾವುದನ್ನು ನೋಡಬೇಕು? ಕಿವಿಯನ್ನು. ಕಿವಿಯ ಮಡಿಕೆಗಳಿಗೆ, ಹಾಲೆ ಕೆನ್ನೆಗೆ ಅಂಟಿದೆಯೋ ಬಿಡಿಯಾಗಿದೆಯೋ ಎಂಬುದಕ್ಕೆ ಬಣ್ಣ ಹಚ್ಚುವವರು ಕೈ ಹಾಕುವುದು ಕಡಿಮೆ. ಗಲ್ಲದ ಕುಳಿ, ಹಣೆಯ ಮೇಲೆ ಕೂದಲು ಹುಟ್ಟುವ ಗೆರೆ, ಕೈಬೆರಳುಗಳ ಉದ್ದ, ಹಳೆಯ ಗಾಯದ ಗುರುತು ಇವೆಲ್ಲ ನೆರವಾಗುತ್ತವೆ. ಮಚ್ಚೆ ಎಡಗೆನ್ನೆಯಲ್ಲಿರಬೇಕಾದದ್ದು ಬಲಗೆನ್ನೆಯಲ್ಲಿದ್ದರೆ ಕೂಡಲೇ ತಳ್ಳಿಹಾಕಬೇಡಿ, ಕೂಡಲೇ ಒಪ್ಪಲೂ ಬೇಡಿ. ನಕಲು ಮಾಡುವಾಗ ಚಿತ್ರ ಎಡಬಲ ತಿರುಗಿರಬಹುದು. ಅಂಗಡಿಯ ಫಲಕದ ಅಕ್ಷರ, ಗಂಡಸರ ಕೋಟಿನ ಗುಂಡಿಯ ಬದಿ, ಕೈ ಕುಲುಕುವ ಕೈ ನೋಡಿದರೆ ತಿಳಿಯುತ್ತದೆ.

ಎತ್ತರವನ್ನು ಅಳೆಯುವುದಾದರೆ, ಎತ್ತರ ಗೊತ್ತಿರುವ ನಟ ಅದೇ ಸಾಲಿನಲ್ಲಿ ನಿಂತ ಫ್ರೇಮು ಬೇಕು. ಒಂದು ಹೆಜ್ಜೆ ಹಿಂದೆ ನಿಂತರೂ ಲೆಕ್ಕ ಕೆಡುತ್ತದೆ. ನಡಿಗೆ ಒಳ್ಳೆಯ ಗುರುತು, ಆದರೆ ಚಿತ್ರವನ್ನು ಸರಿಯಾದ ವೇಗದಲ್ಲಿ ಓಡಿಸಿರಬೇಕು. ಸೆಕೆಂಡಿಗೆ 16 ಅಥವಾ 18 ಫ್ರೇಮಿನಂತೆ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಗಂಭೀರ ನಡಿಗೆಯವನೂ ಗುಬ್ಬಚ್ಚಿಯಂತೆ ಕುಪ್ಪಳಿಸುತ್ತಾನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಗೆ ಇಲ್ಲಿ ನೇರವಾದ ಉಪಯೋಗವಿದೆ. ಅದೇ ಕಾಲದ ಬೇರೆ ಬೇರೆ ಚಿತ್ರಗಳಿಂದ, ಅದೇ ವಯಸ್ಸು ಮೈಕಟ್ಟಿನ ಹೆಸರಿಲ್ಲದ ಏಳೆಂಟು ಮುಖಗಳನ್ನು ಆರಿಸಿ. ನಿಮ್ಮವನನ್ನು ಅವುಗಳ ನಡುವೆ ಸೇರಿಸಿ. ಸಂಗತಿ ಏನೂ ಗೊತ್ತಿಲ್ಲದ ನಾಲ್ಕೈದು ಜನರಿಗೆ ನಟನ ಅಂದಿನ ಫೋಟೋಗಳನ್ನು ಕೊಟ್ಟು, ಇವನು ಇವುಗಳಲ್ಲಿ ಇದ್ದಾನೆಯೇ, ಇದ್ದರೆ ಯಾವುದು ಎಂದು ಕೇಳಿ. ‘ಇಲ್ಲ’ ಎನ್ನುವುದಕ್ಕೂ ಅವಕಾಶವಿರಲಿ. ಒಬ್ಬೊಬ್ಬರು ಒಂದೊಂದು ಮುಖ ತೋರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಮುಖ ಹೋಲಿಸುವ ತಂತ್ರಾಂಶಗಳನ್ನೂ ಬಳಸಬಹುದು, ಸುಳಿವಿನ ಮಟ್ಟಿಗೆ. ಮಸುಕಾದ ಸಣ್ಣ ಮುಖ ಕೊಟ್ಟರೂ ಅವು ಅತ್ಯಂತ ಹತ್ತಿರದ್ದು ಎಂದು ಯಾವುದಾದರೊಂದನ್ನು ತೋರಿಸಿಯೇ ತೋರಿಸುತ್ತವೆ.

ಅವನಲ್ಲದಿದ್ದರೆ ಯಾರು?

ಒಬ್ಬರಂತೆ ಏಳು ಜನ ಇರುತ್ತಾರೆ ಎನ್ನುತ್ತಾರೆ. ಸಣ್ಣ ಚಿತ್ರ ಕಂಪನಿಯೊಂದರಲ್ಲಿ ಆ ಏಳರಲ್ಲಿ ಇಬ್ಬರು ಸಂಬಳದ ಪಟ್ಟಿಯಲ್ಲಿಯೇ ಇರಬಹುದು. ಮೇರಿ ಪಿಕ್‌ಫೋರ್ಡ್ 1909ರಲ್ಲಿ ಬಯೋಗ್ರಾಫ್ ಸೇರಿದಾಗ ತಂಗಿ ಲಾಟಿ, ತಮ್ಮ ಜ್ಯಾಕ್ ಕೂಡ ಅಲ್ಲಿಯೇ ಕೆಲಸ ಹಿಡಿದರು. ಹಿಂದಿನ ಸಾಲಿನಲ್ಲಿ ಕಂಡ ಹುಡುಗಿ ಅಕ್ಕನೋ ತಂಗಿಯೋ? ಚಾಪ್ಲಿನ್‌ನ ವಿಷಯದಲ್ಲಂತೂ ಅವನ ವೇಷವನ್ನೇ ಹಾಕಿ ಬದುಕಿದವರಿದ್ದರು. ಬಿಲ್ಲಿ ವೆಸ್ಟ್ ಎಂಬುವನು ಆ ವೇಷದಲ್ಲಿಯೇ ಸಾಲುಸಾಲು ಚಿತ್ರಗಳನ್ನು ಮಾಡಿದ. ಆದ್ದರಿಂದ ಆ ಕಂಪನಿಯಲ್ಲಿ ಆ ತಿಂಗಳು ಇದ್ದ ಎಲ್ಲ ಸಣ್ಣಪುಟ್ಟ ನಟರ ಪಟ್ಟಿ ಮಾಡಿ, ಅವರ ಚಿತ್ರಗಳನ್ನೂ ಪಕ್ಕದಲ್ಲಿಡಿ. ‘ಇವನು ಅವನಲ್ಲ’ ಎಂದು ಸಾಧಿಸುವ ಹತ್ತಿರದ ದಾರಿ ‘ಇವನು ಇಂಥವನು’ ಎಂದು ತೋರಿಸುವುದೇ.

ಎಲ್ಲವೂ ಕೂಡಿಬಂದಾಗ ಹೇಗಿರುತ್ತದೆ ಎಂಬುದಕ್ಕೆ ‘ಎ ಥೀಫ್ ಕ್ಯಾಚರ್’ ಸಾಕ್ಷಿ. ಮಿಚಿಗನ್‌ನ ಹಳೆಯ ವಸ್ತುಗಳ ಮಾರಾಟವೊಂದರಲ್ಲಿ ಚಿತ್ರ ಇತಿಹಾಸಕಾರ ಪಾಲ್ ಗಿಯರುಕಿ ಕೊಂಡ 16 ಎಂಎಂ ರೀಲು ಅದು. ಕೀಸ್ಟೋನ್ ಕಂಪನಿಯ ಇನ್ನೊಂದು ಹಾಸ್ಯಚಿತ್ರ ಎಂದುಕೊಂಡು ಬಹಳ ದಿನ ನೋಡದೆಯೇ ಇಟ್ಟಿದ್ದ. 2010ರಲ್ಲಿ ಓಡಿಸಿ ನೋಡಿದಾಗ ಪೊಲೀಸನ ವೇಷದಲ್ಲಿ ಚಾಪ್ಲಿನ್ ಬಂದ! ನಾನು ಕೀಸ್ಟೋನ್ ಹಾಸ್ಯಚಿತ್ರಗಳ ಪೊಲೀಸನ ಪಾತ್ರ ಮಾಡಿದ್ದೆ ಎಂದು ಚಾಪ್ಲಿನ್ ಹಿಂದೆಯೇ ಹೇಳಿಕೊಂಡಿದ್ದ, ತೋರಿಸಲು ಚಿತ್ರವಿರಲಿಲ್ಲ. ಅವನು ಕೀಸ್ಟೋನ್‌ನಲ್ಲಿ ಕೆಲಸ ಶುರುಮಾಡಿದ್ದು 1913ರ ಡಿಸೆಂಬರ್‌ನಲ್ಲಿ, ಈ ಚಿತ್ರ ಬಿಡುಗಡೆಯಾದದ್ದು 1914ರ ಫೆಬ್ರವರಿ 19ರಂದು. ತಾರೀಖು ಹೊಂದಿತು, ಕಂಪನಿ ಹೊಂದಿತು, ಅವನ ಮಾತೂ ಹೊಂದಿತು. ಪರದೆಯ ಮೇಲೆ ಅವನು ಇರುವುದು ಕ್ಷಣಮಾತ್ರವಲ್ಲ, ಕೆಲವು ನಿಮಿಷ. ಆ ಮೈಯ ಚಲನೆಯನ್ನು ಇನ್ನೊಬ್ಬರದೆನ್ನಲು ಸಾಧ್ಯವಿರಲಿಲ್ಲ.

ಬರೆದಿಡುವುದು, ಒಪ್ಪಿಸುವುದು

ನಿಮ್ಮ ತೀರ್ಮಾನಕ್ಕೆ ಹೌದು, ಅಲ್ಲ ಎಂಬ ಎರಡೇ ಪದ ಸಾಲದು. ನಾನು ಐದು ಬಳಸುತ್ತೇನೆ. ಅಂದಿನ ದಾಖಲೆ ಮತ್ತು ಪರದೆ ಎರಡೂ ಒಪ್ಪಿದರೆ ಖಚಿತ. ಒಂದು ಸ್ಪಷ್ಟವಾಗಿ ಹೇಳಿ ಇನ್ನೊಂದು ವಿರೋಧಿಸದಿದ್ದರೆ ಬಹುಮಟ್ಟಿಗೆ ಹೌದು. ತಾರೀಖು ಹೊಂದಿ, ಬೇರೇನೂ ಇಲ್ಲದಿದ್ದರೆ ಸಾಧ್ಯ. ಮಾತಿನ ಬೇರೇ ಸಿಗದಿದ್ದರೆ ನಿರಾಧಾರ. ತಾರೀಖೋ ಇನ್ನೊಬ್ಬ ನಟನ ಗುರುತೋ ಅಡ್ಡ ಬಂದರೆ ಅಲ್ಲ. ನಮ್ಮ ಕೈಗೆ ಬರುವ ಹೇಳಿಕೆಗಳಲ್ಲಿ ಹೆಚ್ಚಿನವು ಮೂರನೆಯ, ನಾಲ್ಕನೆಯ ಮನೆಯಲ್ಲಿಯೇ ಕೂರುತ್ತವೆ. ಅದಕ್ಕೆ ಬೇಸರಪಟ್ಟುಕೊಂಡು ಒಂದು ಮನೆ ಮೇಲಕ್ಕೆ ತಳ್ಳುವ ಆಸೆ ಬರುತ್ತದೆ. ಬಂದಾಗ ಎರಡು ದಿನ ಕಡತ ಮುಚ್ಚಿಡಿ.

ವರದಿಯಲ್ಲಿ ಯಾವ ಪ್ರಿಂಟು, ಯಾವ ಸಂಗ್ರಹದ್ದು, ಎಷ್ಟನೆಯ ರೀಲು, ಎಷ್ಟು ನಿಮಿಷ ಎಷ್ಟು ಸೆಕೆಂಡಿನಲ್ಲಿ, ಯಾವ ವೇಗದಲ್ಲಿ ಓಡಿಸಿದಾಗ, ಚೌಕಟ್ಟಿನ ಎಡಕ್ಕೋ ಬಲಕ್ಕೋ, ಯಾವ ಉಡುಪು ಎಂಬುದೆಲ್ಲ ಇರಲಿ. ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ ನಿಮ್ಮನ್ನು ತಪ್ಪೆಂದು ತೋರಿಸಲು ಸಾಧ್ಯವಾಗುವಂತೆ ಬರೆಯಿರಿ. ಆಮೇಲೆ ಆ ಪ್ರಿಂಟನ್ನು ಕಾಪಾಡಿಕೊಂಡಿರುವ ಸಂಗ್ರಹಾಲಯಕ್ಕೆ ಕಳುಹಿಸಿ. ಅಲ್ಲಿನವರಿಗೆ ಇಂತಹ ಪತ್ರಗಳು ಹೊಸದಲ್ಲ. ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ 2012ರಿಂದ ನಡೆಸಿದ ‘ಮೋಸ್ಟ್ಲಿ ಲಾಸ್ಟ್’ ಕಮ್ಮಟಗಳಲ್ಲಿ ಗುರುತು ಸಿಗದ ಚಿತ್ರಗಳನ್ನು ಓಡಿಸಿ, ನೋಡುತ್ತಿದ್ದವರು ಕುಳಿತಲ್ಲಿಂದಲೇ ಕಾರಿನ ಮಾದರಿ, ಬೀದಿಯ ಹೆಸರು, ನಟರ ಹೆಸರು ಕೂಗಿ ಹೇಳುವಂತೆ ಮಾಡಿದ್ದರು.

ಸಿಗದಿದ್ದದ್ದನ್ನೂ ಬರೆದಿಡಿ. ‘ಇಂತಹ ಚಿತ್ರದ ಐದೂ ರೀಲುಗಳನ್ನು ನೋಡಿದೆ, ಅವನು ಕಾಣಲಿಲ್ಲ; ಎರಡನೆಯ ರೀಲಿನ ಕೊನೆಯ ಭಾಗ ಕೊಳೆತುಹೋಗಿದೆ’ ಎಂಬ ಎರಡು ಸಾಲನ್ನು ಯಾರೂ ಪ್ರಕಟಿಸುವುದಿಲ್ಲವಾದ್ದರಿಂದ ಅದೇ ಐದು ರೀಲುಗಳನ್ನು ಅದೇ ಆಸೆಯಿಂದ ಪ್ರತಿ ಹತ್ತು ವರ್ಷಕ್ಕೊಮ್ಮೆ ಯಾರಾದರೊಬ್ಬರು ನೋಡುತ್ತಿರುತ್ತಾರೆ. ನನ್ನ ಹೋಟೆಲ್ ಮಾಣಿಯ ಕಡತವೂ ಹಾಗೆಯೇ ಇದೆ, ನಾಟಕದ ಜಾಹೀರಾತಿನ ಪ್ರತಿಯ ಸಮೇತ. ಅವನು ಯಾರೆಂಬ ಜಾಗ ಮಾತ್ರ ಇನ್ನೂ ಖಾಲಿ.